ಎರಡು ನೆಟ್ ಲೈನ್ ಇದ್ದರೂ ಅಂಗಡಿ ನಿಲ್ಲೋದ್ಯಾಕೆ? ಬದಲಿ ರೂಟರ್ ಕೂಡಿಸುವ ಮುನ್ನ ತಿಳಿಯಬೇಕಾದ್ದು

ಹುಬ್ಬಳ್ಳಿ: 'ನೆಟ್ ಹೋಗೇತ್ರಿ, ಒಂದೈದು ನಿಮಿಷ ತಡೀರಿ.' ಕಮರಿಪೇಟೆ, ದಾಜಿಬಾನಪೇಟೆ, ದುರ್ಗದಬೈಲ್ ಭಾಗದ ಗಿರಾಕಿಗಳಿಗೆ ಈ ಮಾತು ಹೊಸದಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್, ಕಾರ್ಡ್ ಉಜ್ಜುವ ಯಂತ್ರ, ಸೊಸೈಟಿಯ ಪಿಗ್ಮಿ ಲೆಕ್ಕ, ಲ್ಯಾಬ್ ವರದಿ, ಇ-ವೇ ಬಿಲ್ ಎಲ್ಲವೂ ಈಗ ಒಂದು ತೆಳ್ಳನೆಯ ವೈರಿಗೆ ಜೋತುಬಿದ್ದಿವೆ. ಆ ವೈರು ಸತ್ತರೆ ಅವತ್ತಿನ ವ್ಯಾಪಾರ ಅರ್ಧಕ್ಕೇ ನಿಂತಂತೆ.

ಇದಕ್ಕೆ ಉಪಾಯ ಅಂತ ಬಹಳ ಮಂದಿ ಎರಡು ಕಂಪನಿಗಳ ಲೈನ್ ಹಾಕಿಸಿಕೊಳ್ಳುತ್ತಾರೆ. ತಿಂಗಳು ತಿಂಗಳು ಎರಡೂ ಕಡೆ ರೊಕ್ಕ ಕಟ್ಟುತ್ತಾರೆ. ಆದರೂ ಒಂದು ಲೈನ್ ಹೋದಾಗ ಕೌಂಟರ್ ಮ್ಯಾಲಿನ ಕಂಪ್ಯೂಟರ್ ಸುಮ್ಮನೆ ಕೂತುಬಿಡುತ್ತದೆ. ಯಾರೋ ಹುಡುಗ ಓಡಿಹೋಗಿ ವೈರ್ ಕಿತ್ತು ಇನ್ನೊಂದು ಬಾಕ್ಸಿಗೆ ಚುಚ್ಚಬೇಕು, ಇಲ್ಲವೇ ವೈಫೈ ಹೆಸರು ಬದಲಿಸಬೇಕು. ಆ ಹುಡುಗ ಊಟಕ್ಕೆ ಹೋಗಿದ್ದರೆ ಆಟ ಮುಗಿಯಿತು.

ಕಾರಣ ಸರಳ. ಎರಡು ಲೈನ್ ಇರುವುದು ಬೇರೆ, ಒಂದು ಬಿದ್ದಾಗ ಇನ್ನೊಂದು ತಾನಾಗಿಯೇ ಕೆಲಸ ಎತ್ತಿಕೊಳ್ಳುವುದು ಬೇರೆ. ಎರಡನೆಯದಕ್ಕೆ 'ಫೇಲ್‌ಓವರ್' ಅನ್ನುತ್ತಾರೆ. ಅದನ್ನು ರೂಟರ್‌ಗೆ ಹೇಳಿಕೊಡಬೇಕು, ಹೇಳಿಕೊಟ್ಟಿದ್ದನ್ನು ಕಿತ್ತು ಪರೀಕ್ಷೆ ಮಾಡಬೇಕು. ಪರೀಕ್ಷೆ ಮಾಡದ ಬದಲಿ ಲೈನ್ ಬಿಲ್ಲಿನಲ್ಲಿ ಮಾತ್ರ ಇರುವ ಲೈನ್.

ಮೊದಲು, ಕೆಡೋದು ಏನು?

ನೆಟ್ ಹೋಯಿತು ಅಂದರೆ ಜನ ಕಂಪನಿಯನ್ನು ಬೈಯುತ್ತಾರೆ. ಆದರೆ ಅಂಗಡಿಯ ಕಂಪ್ಯೂಟರ್‌ನಿಂದ ಹೊರಜಗತ್ತಿನ ತನಕ ಕೆಡಬಹುದಾದ ಜಾಗ ನಾಲ್ಕು.

ಒಂದು, ಕರೆಂಟ್. ಎರಡು, ಅಂಗಡಿಯೊಳಗಿನ ರೂಟರ್, ಸ್ವಿಚ್ ಅಥವಾ ಫೈಬರ್ ಬಂದು ಸೇರುವ ಬಿಳಿ ಬಾಕ್ಸ್. ಮೂರು, ಓಣಿಯ ಕಂಬದ ಮೇಲಿಂದ ಬರುವ ಇಲ್ಲವೇ ರಸ್ತೆಯಡಿ ಹಾಯ್ದು ಬರುವ ಕೇಬಲ್. ನಾಲ್ಕು, ಕಂಪನಿಯ ಒಳಗಿನ ದೊಡ್ಡ ಜಾಲ.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ತಟ್ಟನೆ ತಿಳಿದೀತು. ಅವಳಿ ನಗರಕ್ಕೆ ನೀರಿನ ಮೂಲ ಎರಡು. ಒಂದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯ, ಇನ್ನೊಂದು ಕಲಘಟಗಿ ತಾಲ್ಲೂಕಿನ ನೀರಸಾಗರ. ನೀರಸಾಗರ ಬತ್ತಿದ ಬರದ ಕಾಲದಲ್ಲಿ ಮಲಪ್ರಭೆ ಕೈಹಿಡಿದಳು. ಆದರೆ ಮೂಲ ಎರಡಿದ್ದರೇನು, ಓಣಿಯ ತಿರುವಿನಲ್ಲಿರುವ ವಾಲ್ವ್ ಒಂದೇ. ಅದು ಕೆಟ್ಟರೆ ಎರಡು ಜಲಾಶಯ ತುಂಬಿದ್ದರೂ ನಲ್ಲಿಯಲ್ಲಿ ಹನಿ ನೀರಿಲ್ಲ. ನೆಟ್‌ವರ್ಕ್‌ನಲ್ಲೂ ಹುಡುಕಬೇಕಾದದ್ದು ಇದನ್ನೇ: ಎರಡಿದ್ದೂ ಎಲ್ಲಿ ಬಂದು ಒಂದಾಗುತ್ತವೆ?

ಇಲ್ಲಿ ಒಂದು ಮಾತು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಅಂಗಡಿಯ ನೆಟ್ ಬೇಕಿಲ್ಲ. ಗಿರಾಕಿಯ ಮೊಬೈಲ್ ನೆಟ್ ಇದ್ದರೆ ಸಾಕು, 'ಇಷ್ಟು ರೂಪಾಯಿ ಬಂತು' ಎಂದು ಕೂಗುವ ಡಬ್ಬಿಯೂ ಸಾಮಾನ್ಯವಾಗಿ ತನ್ನದೇ ಸಿಮ್ ಮೇಲೆ ನಡೆಯುತ್ತದೆ. ಹಾಗಾಗಿ ಬರೀ ಕ್ಯೂಆರ್ ಮೇಲೆ ವ್ಯಾಪಾರ ಮಾಡುವ ಚಹಾದಂಗಡಿಗೆ ಈ ಖರ್ಚು ಬೇಡ. ಇದು ಬೇಕಾಗುವುದು ಆನ್‌ಲೈನ್ ಬಿಲ್ಲಿಂಗ್ ಇರುವ ಮಳಿಗೆ, ಸೊಸೈಟಿ, ಲ್ಯಾಬ್, ಔಷಧದಂಗಡಿ, ಸಣ್ಣ ಆಸ್ಪತ್ರೆ, ಲೆಕ್ಕಪರಿಶೋಧಕರ ಕಚೇರಿಗಳಿಗೆ.

ಕಂಪ್ಯೂಟರ್‌ಗೆ ಗೊತ್ತಿರೋದು ಒಂದೇ ಬಾಗಿಲು

ಕಚೇರಿಯ ಪ್ರತಿ ಕಂಪ್ಯೂಟರ್‌ಗೂ 'ಗೇಟ್‌ವೇ' ಅಂತ ಒಂದು ವಿಳಾಸ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು 192.168.1.1 ಥರದ್ದು. ಹೊರಗೆ ಹೋಗಬೇಕಾದ ಮಾತೆಲ್ಲ ಈ ಬಾಗಿಲಿನಿಂದಲೇ ಹೋಗಬೇಕು ಅನ್ನುವುದು ಕಂಪ್ಯೂಟರ್‌ಗೆ ಕೊಟ್ಟ ಸೂಚನೆ. ಆ ಬಾಗಿಲು ಮುಚ್ಚಿದರೆ ಪಕ್ಕದಲ್ಲೇ 192.168.1.2 ಎಂಬ ಇನ್ನೊಂದು ಬಾಗಿಲು ತೆರೆದಿದ್ದರೂ ಅದು ಅತ್ತ ತಿರುಗಿ ನೋಡುವುದಿಲ್ಲ. ಮೊದಲ ಬಾಗಿಲನ್ನೇ ಬಡಿಯುತ್ತಾ ಕೂರುತ್ತದೆ.

ಎರಡು ಕಂಪನಿಯ ಎರಡು ಬಾಕ್ಸ್ ತಂದು ಒಂದೇ ಸ್ವಿಚ್‌ಗೆ ಚುಚ್ಚಿದರೆ ಕೆಲಸ ಆಗದಿರುವುದು ಇದಕ್ಕೇ. ಅದರ ಮೇಲೆ ಎರಡೂ ಬಾಕ್ಸ್ 192.168.1.1 ಎಂಬ ಒಂದೇ ವಿಳಾಸ ಇಟ್ಟುಕೊಂಡು ಬಂದಿದ್ದರಂತೂ ಜಗಳ ಶುರು. ಆಗ ಎರಡೂ ಲೈನ್ ಚೆನ್ನಾಗಿದ್ದರೂ ನೆಟ್ ಬಂದೂ ಬರದಂಗೆ ಆಗುತ್ತದೆ.

ಇದಕ್ಕೆ ದಾರಿ ಎರಡು. ಒಂದೇ ಬಾಗಿಲಿಟ್ಟು ಅದರ ಹಿಂದೆ ಎರಡು ದಾರಿ ಮಾಡುವುದು ಒಂದು. ಬಾಗಿಲುಗಳನ್ನೇ ಎರಡು ಮಾಡಿ, ಎರಡಕ್ಕೂ ಸೇರಿ ಒಂದೇ ವಿಳಾಸ ಬರೆಯುವುದು ಇನ್ನೊಂದು.

ಸಣ್ಣ ಕಚೇರಿಗೆ: ಒಂದು ರೂಟರ್, ಎರಡು ಲೈನ್

ಐದಾರು ಕಂಪ್ಯೂಟರ್ ಇರುವ ಕಡೆ ಮೊದಲ ದಾರಿ ಸಾಕು. 'ಡ್ಯುಯಲ್ ವ್ಯಾನ್' ಅನ್ನುವ ರೂಟರ್‌ಗೆ ಹೊರಗಿನ ಲೈನ್ ಸೇರಿಸಲು ಎರಡು ಕಿಂಡಿ ಇರುತ್ತವೆ. ಕೆಲವಕ್ಕೆ ಸಿಮ್ ಹಾಕುವ ಜಾಗವೂ ಇರುತ್ತದೆ. ಮೊದಲ ಕಿಂಡಿಗೆ ಫೈಬರ್, ಎರಡನೆಯದಕ್ಕೆ ಇನ್ನೊಂದು ಕಂಪನಿಯ ಲೈನ್ ಅಥವಾ 4ಜಿ/5ಜಿ ಸಿಮ್. ಕಂಪ್ಯೂಟರ್‌ಗಳಿಗೆ ಬಾಗಿಲು ಒಂದೇ. ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ರೂಟರ್ ನೋಡಿಕೊಳ್ಳುತ್ತದೆ.

ಇಲ್ಲಿ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆ ಬರುತ್ತವೆ. 'ಲೋಡ್ ಬ್ಯಾಲೆನ್ಸ್' ಅಂದರೆ ಎರಡೂ ಲೈನ್ ಒಟ್ಟಿಗೆ ದುಡಿಯುವುದು. 'ಫೇಲ್‌ಓವರ್' ಅಂದರೆ ಒಂದು ದುಡಿಯುವುದು, ಇನ್ನೊಂದು ಕಾದು ಕೂರುವುದು. ಎರಡಕ್ಕೂ ರೊಕ್ಕ ಕಟ್ಟುತ್ತೇವಲ್ಲ, ಎರಡೂ ದುಡಿಯಲಿ ಅಂತ ಅನ್ನಿಸುವುದು ಸಹಜ. ಆದರೆ ಬ್ಯಾಂಕಿಂಗ್ ಕೆಲಸ ಮಾಡುವವರಿಗೆ ಅದು ತಲೆನೋವು ತರಬಹುದು. ಒಂದು ಕ್ಲಿಕ್ ಒಂದು ಲೈನ್‌ನಿಂದ, ಮುಂದಿನ ಕ್ಲಿಕ್ ಇನ್ನೊಂದು ಲೈನ್‌ನಿಂದ ಹೋದರೆ ಬ್ಯಾಂಕಿನ ಸರ್ವರ್‌ಗೆ ಇಬ್ಬರು ಬೇರೆ ಬೇರೆ ಮಂದಿ ಮಾತಾಡಿದಂತೆ ಕಾಣುತ್ತದೆ. ಅದು ಅನುಮಾನಪಟ್ಟು ಲಾಗ್‌ಔಟ್ ಮಾಡಿಬಿಡುತ್ತದೆ. ಇಂಥ ಕಡೆ ಫೇಲ್‌ಓವರ್ ಇಡುವುದೇ ಕ್ಷೇಮ. ಲೋಡ್ ಬ್ಯಾಲೆನ್ಸ್ ಬೇಕೇ ಬೇಕು ಅಂದರೆ ಬ್ಯಾಂಕಿನ ಕೆಲಸ ಯಾವಾಗಲೂ ಒಂದೇ ಲೈನ್ ಹಿಡಿಯುವಂತೆ ಕಟ್ಟಿಹಾಕಬೇಕು.

ಇನ್ನೊಂದು ಎಚ್ಚರಿಕೆ. ಎರಡು ಕಂಪನಿಯ ಬಾಕ್ಸ್‌ಗಳ ಒಳವಿಳಾಸ ಬೇರೆ ಬೇರೆ ಇರಲಿ. ಒಂದು 192.168.10.1 ಆದರೆ ಇನ್ನೊಂದು 192.168.20.1, ಕಚೇರಿಯದ್ದು 192.168.1.1. ಮೂರೂ ಒಂದೇ ಸಾಲಿನಲ್ಲಿದ್ದರೆ ರೂಟರ್‌ಗೆ ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದೇ ತಿಳಿಯುವುದಿಲ್ಲ.

ದೀಪ ಹಸಿರು, ನೆಟ್ ಇಲ್ಲ

ಫೇಲ್‌ಓವರ್ ಹಾಕಿಸಿದ ಮೇಲೂ ಕೈಕೊಡುವ ದೊಡ್ಡ ಕಾರಣ ಇದು. ರೂಟರ್‌ಗೆ ಲೈನ್ ಸತ್ತದ್ದು ಗೊತ್ತಾಗುವುದು ಹೇಗೆ? ಬರೀ ಕಿಂಡಿಯ ದೀಪ ನೋಡಿ ತೀರ್ಮಾನಿಸುವಂತೆ ಬಿಟ್ಟಿದ್ದರೆ, ವೈರ್ ಕಿತ್ತಾಗ ಮಾತ್ರ ಅದಕ್ಕೆ ತಿಳಿಯುತ್ತದೆ. ಆದರೆ ವೈರ್ ಕೀಳುವುದು ಅಪರೂಪ. ನಿಜವಾಗಿ ಆಗುವುದೇನು? ಎಲ್ಲೋ ರಸ್ತೆ ಅಗೆಯುವಾಗ ಜೆಸಿಬಿಯ ಹಲ್ಲು ಫೈಬರ್‌ಗೆ ತಗಲುತ್ತದೆ. ಅಂಗಡಿಯ ಬಿಳಿ ಬಾಕ್ಸ್‌ಗೂ ರೂಟರ್‌ಗೂ ನಡುವಿನ ಎರಡಡಿ ವೈರ್ ಮಾತ್ರ ಸರಿಯಾಗಿಯೇ ಇರುತ್ತದೆ. ದೀಪ ಹಸಿರು. ರೂಟರ್‌ಗೆ ಎಲ್ಲ ಕ್ಷೇಮ. ಅದು ಎಲ್ಲ ಮಾತನ್ನೂ ಸತ್ತ ಲೈನಿಗೇ ಸುರಿಯುತ್ತಾ ಕೂರುತ್ತದೆ.

ಪರಿಹಾರ, 'ಪಿಂಗ್' ತಪಾಸಣೆ. ಹೊರಜಗತ್ತಿನ ಒಂದು ಗಟ್ಟಿ ವಿಳಾಸಕ್ಕೆ ರೂಟರ್ ಆಗಾಗ 'ಇದ್ದೀಯೇನಪಾ?' ಎಂದು ಕೇಳುತ್ತಿರಬೇಕು. ಐದು ಸೆಕೆಂಡಿಗೊಮ್ಮೆ ಕೇಳಿ, ಸತತ ಮೂರು ಸಲ ಉತ್ತರ ಬರದಿದ್ದರೆ ಲೈನ್ ಸತ್ತಿದೆ ಎಂದು ತಿಳಿ ಅಂತ ಹೇಳಿದರೆ ಸುಮಾರು 15 ಸೆಕೆಂಡಿನಲ್ಲಿ ಬದಲಿ ಲೈನ್ ಎದ್ದು ನಿಲ್ಲುತ್ತದೆ. ಈ ತಪಾಸಣೆಯಲ್ಲಿ ಮೂರು ನಿಯಮ:

• ಕೇಳುವ ವಿಳಾಸ ಕಂಪನಿಯ ಪಕ್ಕದ ಬಾಕ್ಸಿನದ್ದಲ್ಲ, ಹೊರಗಿನದ್ದಾಗಿರಲಿ. 8.8.8.8, 1.1.1.1 ಥರದವು ನಡೆಯುತ್ತವೆ.

• ಒಂದೇ ವಿಳಾಸ ನೆಚ್ಚಬೇಡಿ, ಕನಿಷ್ಠ ಎರಡು ಕೊಡಿ. ಎರಡೂ ಉತ್ತರಿಸದಿದ್ದರೆ ಮಾತ್ರ ಲೈನ್ ಸತ್ತಿದೆ ಎನ್ನಿ. ಇಲ್ಲವಾದರೆ ಅತ್ತ ಕಡೆಯ ತೊಂದರೆಗೆ ಇತ್ತ ಲೈನ್ ಬದಲಾಗುತ್ತದೆ.

• ಮೊದಲ ಲೈನಿನ ತಪಾಸಣೆ ಮೊದಲ ಲೈನಿನಿಂದಲೇ ಹೊರಡಬೇಕು. ಅದು ಎರಡನೇ ಲೈನ್ ಹಿಡಿದು ಹೋಗಿ ಉತ್ತರ ತಂದರೆ ರೂಟರ್ ಮೋಸಹೋಗುತ್ತದೆ.

ಇದರ ಜೊತೆ ಡಿಎನ್‌ಎಸ್ ಕಡೆಗೂ ಗಮನ ಬೇಕು. ವೆಬ್‌ಸೈಟ್ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಸೇವೆ ಅದು. ಕಂಪ್ಯೂಟರ್‌ನಲ್ಲಿ ಮೊದಲ ಕಂಪನಿಯ ಡಿಎನ್‌ಎಸ್ ಮಾತ್ರ ಬರೆದಿದ್ದರೆ, ಎರಡನೇ ಕಂಪನಿಯ ಲೈನ್‌ನಿಂದ ಬಂದ ಪ್ರಶ್ನೆಗೆ ಅದು ಉತ್ತರಿಸದೇ ಹೋಗಬಹುದು. ಲೈನ್ ಬದಲಾಗಿರುತ್ತದೆ, ಆದರೂ ಒಂದು ಪುಟವೂ ತೆರೆಯುವುದಿಲ್ಲ. ಎಲ್ಲ ಕಡೆಯಿಂದ ಉತ್ತರಿಸುವ ಸಾರ್ವಜನಿಕ ಡಿಎನ್‌ಎಸ್ ಬರೆದಿಡುವುದು ಒಳ್ಳೆಯದು.

ಎರಡು ರೂಟರ್, ಒಂದೇ ವಿಳಾಸ

ಒಂದೇ ರೂಟರ್ ಇದ್ದರೆ ಅದೇ ಓಣಿಯ ವಾಲ್ವ್. ಅದು ಸುಟ್ಟರೆ ಎರಡೂ ಲೈನ್ ಇದ್ದು ಫಲವಿಲ್ಲ. ದಿನವಿಡೀ ಕೌಂಟರ್ ನಡೆಯುವ ಸೊಸೈಟಿ, ರಾತ್ರಿಯೂ ವರದಿ ಕಳಿಸುವ ಲ್ಯಾಬ್, ಆಸ್ಪತ್ರೆ ಇಂಥವಕ್ಕೆ ಎರಡನೇ ದಾರಿ ಬೇಕು: ಎರಡು ರೂಟರ್, ಒಂದೊಂದಕ್ಕೆ ಒಂದೊಂದು ಲೈನ್.

ಕಂಪ್ಯೂಟರ್‌ಗೆ ಒಂದೇ ಬಾಗಿಲು ಗೊತ್ತು ಅನ್ನುವ ಸಮಸ್ಯೆಗೆ ಇಂಜಿನಿಯರ್‌ಗಳು ಹುಡುಕಿದ ಉಪಾಯ ಚೆಂದವಿದೆ. ಮೊದಲ ರೂಟರ್ 192.168.1.2, ಎರಡನೆಯದು 192.168.1.3. ಕಂಪ್ಯೂಟರ್‌ಗಳಿಗೆ ಹೇಳುವ ಬಾಗಿಲು ಮಾತ್ರ 192.168.1.1. ಈ ವಿಳಾಸ ಯಾವ ಒಂದು ಯಂತ್ರಕ್ಕೂ ಖಾಯಂ ಅಲ್ಲ. ಇಬ್ಬರಲ್ಲಿ ಯಾರು ಪಾಳಿಯಲ್ಲಿದ್ದಾರೋ ಅವರು ಅದನ್ನು ಹೊತ್ತಿರುತ್ತಾರೆ. ಒಬ್ಬರು ಬಿದ್ದರೆ ಇನ್ನೊಬ್ಬರು ಅದೇ ವಿಳಾಸ ಹೆಗಲಿಗೇರಿಸಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಆಳು ಬದಲಾದದ್ದೇ ತಿಳಿಯುವುದಿಲ್ಲ.

ಈ ಪದ್ಧತಿಗೆ ಮೊದಲು ದಾರಿ ತೋರಿದ್ದು ಸಿಸ್ಕೊ ಕಂಪನಿಯ ಎಚ್‌ಎಸ್‌ಆರ್‌ಪಿ. ಅದರ ವಿವರ 1998ರಲ್ಲಿ ಆರ್‌ಎಫ್‌ಸಿ 2281 ಆಗಿ ಪ್ರಕಟವಾಯಿತು. ಅದೇ ವರ್ಷ ಎಲ್ಲ ಕಂಪನಿಗಳೂ ಬಳಸಬಹುದಾದ ವಿಆರ್‌ಆರ್‌ಪಿ ಎಂಬ ಸಾಮಾನ್ಯ ನಿಯಮ ಆರ್‌ಎಫ್‌ಸಿ 2338 ಆಗಿ ಬಂತು. 2004, 2010 ಮತ್ತು 2024ರಲ್ಲಿ ಅದು ಪರಿಷ್ಕರಣೆಯಾಗಿದೆ. ಸಿಸ್ಕೊ ಅಲ್ಲದೆ ಮೈಕ್ರೋಟಿಕ್‌ನಂಥ ಕಡಿಮೆ ಬೆಲೆಯ ರೂಟರ್‌ಗಳಲ್ಲೂ ವಿಆರ್‌ಆರ್‌ಪಿ ಸಿಗುತ್ತದೆ. ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ರೂಟರ್ ಮಾಡಿಕೊಂಡವರು 'ಕೀಪ್‌ಅಲೈವ್‌ಡಿ' ಎಂಬ ಉಚಿತ ತಂತ್ರಾಂಶದಿಂದ ಇದನ್ನೇ ಮಾಡಬಹುದು.

ಕೆಲಸ ಹೀಗೆ ನಡೆಯುತ್ತದೆ. ಪಾಳಿಯಲ್ಲಿರುವ ರೂಟರ್ ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಒಳಜಾಲದಲ್ಲಿ ಕೂಗುತ್ತದೆ. ಕಾಯುವ ರೂಟರ್ ಕೇಳಿಸಿಕೊಳ್ಳುತ್ತದೆ. ಮೂರು ಕೂಗಿನ ಹೊತ್ತು ಕಳೆದು, ಮೇಲೆ ಒಂದು ಸೆಕೆಂಡಿಗಿಂತ ಕಡಿಮೆ ಅವಧಿ ದಾಟಿದರೂ ದನಿ ಕೇಳದಿದ್ದರೆ ತಾನೇ ಪಾಳಿಗೆ ನಿಲ್ಲುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಇದು ಸುಮಾರು 3.6 ಸೆಕೆಂಡು. ಎಚ್‌ಎಸ್‌ಆರ್‌ಪಿಯಲ್ಲಿ ಮೂರು ಸೆಕೆಂಡಿಗೊಂದು ಕೂಗು, ಕಾಯುವುದು 10 ಸೆಕೆಂಡು.

120, 100 ಮತ್ತು ತಪ್ಪುವ ಲೆಕ್ಕ

ಯಾರು ಮೊದಲು ಪಾಳಿಗೆ ನಿಲ್ಲಬೇಕು ಅನ್ನುವುದನ್ನು 'ಪ್ರಯಾರಿಟಿ' ಎಂಬ ಅಂಕಿ ಹೇಳುತ್ತದೆ. ಹೆಚ್ಚು ಅಂಕಿಯವನೇ ಹಿರಿಯ. ಮೊದಲ ರೂಟರ್‌ಗೆ 120, ಎರಡನೆಯದಕ್ಕೆ 100 ಕೊಟ್ಟಿದ್ದೇವೆ ಅಂದುಕೊಳ್ಳಿ.

ಮೊದಲ ರೂಟರ್ ಪೂರ್ತಿ ಸತ್ತರೆ ತೊಂದರೆ ಇಲ್ಲ, ಕೂಗು ನಿಲ್ಲುತ್ತದೆ, ಎರಡನೆಯದು ಏಳುತ್ತದೆ. ಆದರೆ ರೂಟರ್ ಬದುಕಿದ್ದು, ಅದರ ಹೊರಗಿನ ಲೈನ್ ಮಾತ್ರ ಸತ್ತರೆ? ಅದು ಕೂಗುತ್ತಲೇ ಇರುತ್ತದೆ. ಎರಡನೆಯದು 'ಅಣ್ಣ ಇದ್ದಾನೆ' ಅಂತ ಸುಮ್ಮನಿರುತ್ತದೆ. ಎರಡು ರೂಟರ್‌ಗೆ ರೊಕ್ಕ ಹಾಕಿಯೂ ನೆಟ್ ಇಲ್ಲ!

ಅದಕ್ಕೆ 'ಟ್ರ್ಯಾಕಿಂಗ್' ಹಾಕಬೇಕು. ಮೇಲೆ ಹೇಳಿದ ಪಿಂಗ್ ತಪಾಸಣೆ ಸೋತರೆ ಮೊದಲ ರೂಟರ್ ತನ್ನ ಅಂಕಿಯನ್ನು ತಾನೇ ಇಳಿಸಿಕೊಳ್ಳಬೇಕು. ಇಲ್ಲಿಯೇ ಲೆಕ್ಕ ತಪ್ಪುವುದು. 10 ಇಳಿಸು ಅಂದರೆ 120 ಇದ್ದದ್ದು 110 ಆಗುತ್ತದೆ. ಅದು 100ಕ್ಕಿಂತ ಇನ್ನೂ ಹೆಚ್ಚೇ, ಪಾಳಿ ಬದಲಾಗುವುದಿಲ್ಲ. 30 ಇಳಿಸಿದರೆ 90 ಆಗುತ್ತದೆ, ಆಗ 100ರವನು ಮುಂದೆ ಬರುತ್ತಾನೆ. ಇಳಿಕೆಯ ಅಂಕಿ ಇಬ್ಬರ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಿರಬೇಕು, ಅಷ್ಟೇ ಸೂತ್ರ.

ಹೆಚ್ಚು ಅಂಕಿಯವನು ಪಾಳಿ ಕಸಿದುಕೊಳ್ಳುವ ಈ ಹಕ್ಕಿಗೆ 'ಪ್ರಿಎಂಪ್ಟ್' ಅನ್ನುತ್ತಾರೆ. ವಿಆರ್‌ಆರ್‌ಪಿಯಲ್ಲಿ ಅದು ಮೊದಲಿನಿಂದಲೇ ಚಾಲೂ ಇರುತ್ತದೆ. ಎಚ್‌ಎಸ್‌ಆರ್‌ಪಿಯಲ್ಲಿ ನಾವೇ ಚಾಲೂ ಮಾಡಬೇಕು, ಅದೂ ಎರಡೂ ರೂಟರ್‌ಗಳಲ್ಲಿ. ಮರೆತರೆ ಅಂಕಿ ಎಷ್ಟು ಇಳಿದರೂ ಪಾಳಿ ಬದಲಾಗದು.

ಮರಳಿ ಬರುವುದಕ್ಕೆ ಆತುರ ಬೇಡ. ಕೆಟ್ಟ ಲೈನ್ ಒಮ್ಮೆಲೇ ಸಾಯುವುದಕ್ಕಿಂತ ಹೋಗೋದು-ಬರೋದು ಮಾಡುವುದೇ ಹೆಚ್ಚು. ಬಂದ ಕೂಡಲೇ ಮೊದಲ ಲೈನಿಗೆ ಮರಳಿದರೆ ನಿಮಿಷಕ್ಕೆರಡು ಸಲ ಎಲ್ಲರ ಕೆಲಸ ತುಂಡಾಗುತ್ತದೆ. ಒಂದೆರಡು ನಿಮಿಷ ಲೈನ್ ಗಟ್ಟಿಯಾಗಿ ನಿಂತ ಮೇಲೆಯೇ ಮರಳು ಎಂದು ಸಮಯ ಕೊಡಬೇಕು. ಹೋಗುವಾಗ ಬೇಗ, ಮರಳುವಾಗ ನಿಧಾನ.

ಇಬ್ಬರೂ ಒಟ್ಟಿಗೆ ಪಾಳಿಗೆ ನಿಲ್ಲುವ ಅಪಾಯವೂ ಇದೆ. ನಡುವಿನ ಸ್ವಿಚ್ ಕೆಟ್ಟರೆ, ಇಲ್ಲವೇ ಫೈರ್‌ವಾಲ್ ಆ ಕೂಗನ್ನು ತಡೆದರೆ, ಎರಡನೆಯದು 'ಅಣ್ಣ ಹೋದ' ಎಂದು ತಿಳಿದು ಅದೇ ವಿಳಾಸ ಹೊತ್ತುಕೊಳ್ಳುತ್ತದೆ. ವಿಆರ್‌ಆರ್‌ಪಿಯ ಕೂಗು 224.0.0.18 ಎಂಬ ವಿಳಾಸಕ್ಕೆ, 112ನೇ ಪ್ರೋಟೋಕಾಲ್ ಸಂಖ್ಯೆಯಲ್ಲಿ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ಅದಕ್ಕೆ ದಾರಿ ಬಿಡುವುದನ್ನು ಮರೆಯಬಾರದು.

ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನೂ ಪಾಲು ಮಾಡಿ. ಒಂದು ರೂಟರ್ 50ರಿಂದ 120ರವರೆಗೆ ಹಂಚಿದರೆ ಇನ್ನೊಂದು 121ರಿಂದ 190ರವರೆಗೆ. ಇಬ್ಬರೂ ಹೇಳುವ ಬಾಗಿಲು ಮಾತ್ರ ಅದೇ 192.168.1.1.

ಎರಡು ಲೈನ್, ಒಂದೇ ಕಂಬ

ರೂಟರ್ ಎಷ್ಟೇ ಜಾಣನಾದರೂ ಎರಡೂ ಲೈನ್ ಒಂದೇ ಕಂಬದ ಮೇಲಿಂದ ಬಂದಿದ್ದರೆ, ಲಾರಿ ತಗಲಿ ಕಂಬ ಬಾಗಿದ ದಿನ ಎರಡೂ ಹೋಗುತ್ತವೆ. ಹಳೇ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ನಾಲ್ಕಾರು ಕಂಪನಿಗಳ ವೈರು ಒಂದೇ ಕಂಬಕ್ಕೆ ಗಂಟು ಬಿದ್ದಿರುವುದನ್ನು ತಲೆಯೆತ್ತಿ ನೋಡಿದರೆ ಸಾಕು.

ಈ ತಪ್ಪು ಓಣಿಗೆ ಸೀಮಿತವಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು, ಸೀ-ಮೀ-ವೀ 4 ಮತ್ತು ಫ್ಲ್ಯಾಗ್, ತುಂಡಾದವು. ಕಂಪನಿ ಬೇರೆ, ಕೇಬಲ್ ಬೇರೆ, ಆದರೆ ಸಾಗಿದ ದಾರಿ ಅಕ್ಕಪಕ್ಕ. ಭಾರತದಿಂದ ಪಶ್ಚಿಮಕ್ಕೆ ಹೋಗುವ ಇಂಟರ್ನೆಟ್‌ಗೆ ದೊಡ್ಡ ಪೆಟ್ಟು ಬಿತ್ತು. ಪೂರ್ವಕ್ಕೆ, ಪೆಸಿಫಿಕ್ ಕಡೆಯಿಂದ ಬದಲಿ ದಾರಿ ಇಟ್ಟುಕೊಂಡವರು ಬೇಗ ಚೇತರಿಸಿಕೊಂಡರು.

ಕೆನಡಾದಲ್ಲಿ 2022ರ ಜುಲೈ 8ರಂದು ಆದದ್ದು ಇನ್ನೊಂದು ಪಾಠ. ರೋಜರ್ಸ್ ಎಂಬ ದೊಡ್ಡ ದೂರಸಂಪರ್ಕ ಕಂಪನಿಯ ರೂಟರ್‌ನಲ್ಲಿ ಸೆಟ್ಟಿಂಗ್ ಬದಲಿಸುವಾಗ ಒಂದು ಸೋಸುವಿಕೆಯ ನಿಯಮ ತೆಗೆದುಹಾಕಲಾಯಿತು. ದಾರಿಗಳ ಮಾಹಿತಿ ಪ್ರವಾಹದಂತೆ ನುಗ್ಗಿ ಮುಖ್ಯ ರೂಟರ್‌ಗಳು ಕುಸಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರ ಮೊಬೈಲ್ ಮತ್ತು ಇಂಟರ್ನೆಟ್ ಎರಡೂ ಹೋದವು, ಏಕೆಂದರೆ ಎರಡಕ್ಕೂ ಬೇರು ಒಂದೇ ಜಾಲದಲ್ಲಿತ್ತು. ದೇಶದ ಡೆಬಿಟ್ ಪಾವತಿ ವ್ಯವಸ್ಥೆಯಾದ ಇಂಟರಾಕ್ ಕೂಡ ನಿಂತಿತು, ಅಂಗಡಿಗಳು ನಗದು ಕೇಳಿದವು. ರಿಪೇರಿ ಮಾಡಬೇಕಾದ ಸಿಬ್ಬಂದಿಗೂ ತಮ್ಮದೇ ಜಾಲದ ಹೊರತು ಒಳಹೋಗುವ ಬೇರೆ ದಾರಿ ಇರಲಿಲ್ಲ. ಒಂದೇ ಕಂಪನಿಯ ಫೈಬರ್ ಮತ್ತು ಅದೇ ಕಂಪನಿಯ ಸಿಮ್ ಇಟ್ಟುಕೊಂಡು 'ನಮಗೆ ಬದಲಿ ಇದೆ' ಅನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ಪೇಟೆಯ ಕಚೇರಿ ಏನು ಮಾಡಬೇಕು? ಒಂದು ಲೈನ್ ನೆಲದ್ದು, ಇನ್ನೊಂದು ಗಾಳಿಯದ್ದು, ಎರಡೂ ಬೇರೆ ಕಂಪನಿಯವು. ಇದು ಸುಲಭದ ಜೋಡಿ. ಎರಡೂ ಫೈಬರ್ ಬೇಕಿದ್ದರೆ ದಾರಿ ಬೇರೆಯೇ ಇರಲಿ. ಸ್ಥಳೀಯ ಕೇಬಲ್ ಆಪರೇಟರ್‌ಗಳು ಮೇಲಿನಿಂದ ಯಾರ ಬ್ಯಾಂಡ್‌ವಿಡ್ತ್ ಕೊಳ್ಳುತ್ತಾರೆ ಅನ್ನುವುದೂ ಮುಖ್ಯ. ರೈಲ್‌ಟೆಲ್‌ನ ಫೈಬರ್ ರೈಲು ಹಳಿಯ ಬದಿ ಹಿಡಿದು ಸಾಗುತ್ತದೆ, ಬೇರೆ ಕಂಪನಿಗಳದ್ದು ಹೆಚ್ಚಾಗಿ ರಸ್ತೆ ಬದಿ. ಇಬ್ಬರು ಆಪರೇಟರ್‌ಗಳ ಹೆಸರು ಬೇರೆ ಇದ್ದರೂ ಮೇಲಿನ ಮೂಲ ಒಂದೇ ಇರಬಹುದು. ಎರಡೂ ಲೈನ್‌ನಿಂದ 'ಟ್ರೇಸ್‌ರೂಟ್' ಹಾಕಿಸಿ, ನಡುವೆ ಒಂದೇ ಕಂಪನಿಯ ಹೆಸರು ಬರುತ್ತದೆಯೇ ಎಂದು ಹೋಲಿಸಿ ನೋಡಬಹುದು.

ಕರೆಂಟ್ ಮರೆತರೆ ಎಲ್ಲ ವ್ಯರ್ಥ

ಹೆಸ್ಕಾಂ ಕರೆಂಟ್ ತೆಗೆದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತದೆ, ಆದರೆ ಮೂಲೆಯಲ್ಲಿನ ಬಿಳಿ ಬಾಕ್ಸ್ ಸಾದಾ ಪ್ಲಗ್‌ನಲ್ಲಿರುತ್ತದೆ. ಫೈಬರ್ ಬಾಕ್ಸ್, ರೂಟರ್, ಸ್ವಿಚ್ ಮೂರಕ್ಕೂ ಬ್ಯಾಟರಿ ಬೇಕು. ಮೂರರಲ್ಲಿ ಒಂದು ಬಿಟ್ಟರೂ ಸರಪಳಿ ಕಡಿದಂತೆ.

ಲೆಕ್ಕ ಕಷ್ಟದ್ದಲ್ಲ. ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪ್ ಎಂದಿದ್ದರೆ ಅದು ಹೆಚ್ಚೆಂದರೆ 12 ವ್ಯಾಟ್ ತಿನ್ನುತ್ತದೆ. ಮೂರೂ ಸೇರಿ 30 ವ್ಯಾಟ್ ಅಂತ ಹಿಡಿಯೋಣ. 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವ್ಯಾಟ್-ಅವರ್ ಇರುತ್ತದೆ. ನಷ್ಟ, ಬ್ಯಾಟರಿಯ ವಯಸ್ಸು ಕಳೆದರೆ ಒಂದೂವರೆಯಿಂದ ಎರಡು ತಾಸು ಸಿಕ್ಕೀತು. ಎರಡು ರೂಟರ್ ಇಟ್ಟವರು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬಾರದು. ಕಸ ಗುಡಿಸುವಾಗ ಆ ಪ್ಲಗ್ ಸಡಿಲಾದರೆ ಎರಡೂ ಒಟ್ಟಿಗೇ ಮಲಗುತ್ತವೆ.

ಬದಲಿ ಲೈನ್ ಉಳಿಸದ ಸಂಗತಿಗಳು

ಫೇಲ್‌ಓವರ್ ಎಂದರೆ ಏನೂ ತುಂಡಾಗುವುದಿಲ್ಲ ಅಂತಲ್ಲ. ಬದಲಾಗುವ ಕ್ಷಣದಲ್ಲಿ ನಡೆಯುತ್ತಿದ್ದ ವಿಡಿಯೊ ಕರೆ, ವಿಪಿಎನ್, ಬ್ಯಾಂಕಿನ ಲಾಗಿನ್ ಸಾಮಾನ್ಯವಾಗಿ ಕಡಿಯುತ್ತವೆ, ಏಕೆಂದರೆ ಹೊರಗಿನ ವಿಳಾಸವೇ ಬದಲಾಗಿರುತ್ತದೆ. ಮತ್ತೆ ಲಾಗಿನ್ ಆದರೆ ಕೆಲಸ ಮುಂದುವರಿಯುತ್ತದೆ. ಸ್ಟ್ಯಾಟಿಕ್ ಐಪಿ ಕೊಂಡು ಹೊರಗಿನಿಂದ ಸಿಸಿ ಕ್ಯಾಮೆರಾ ನೋಡುವವರಿಗೆ ಬದಲಿ ಲೈನ್‌ನಲ್ಲಿ ಅದು ಕಾಣದೇ ಹೋಗಬಹುದು.

ಕಾರ್ಡ್ ಯಂತ್ರದಲ್ಲಿ ಪಾವತಿ ನಡುವೆ ಸಿಕ್ಕಿಕೊಂಡರೆ ಅವಸರದಲ್ಲಿ ಎರಡನೇ ಸಲ ಉಜ್ಜಬಾರದು. ಹಿಂದಿನದರ ಸ್ಥಿತಿ ನೋಡಿ ಮುಂದಿನದಕ್ಕೆ ಹೋಗಬೇಕು. ಕೌಂಟರ್‌ನಲ್ಲಿ ಕೂರುವವರಿಗೆ ಈ ಮಾತು ಮೊದಲೇ ಹೇಳಿಟ್ಟಿದ್ದರೆ ಗಿರಾಕಿ ಜೊತೆ ವಾದ ತಪ್ಪುತ್ತದೆ.

ಕಿತ್ತು ನೋಡಿ, ಬರೆದಿಡಿ

ಇಷ್ಟೆಲ್ಲ ಮಾಡಿದ ಮೇಲೂ ನಂಬಿಕೆ ಬರಬೇಕಾದದ್ದು ಪರೀಕ್ಷೆಯಿಂದ. ವ್ಯಾಪಾರ ಕಡಿಮೆ ಇರುವ ಹೊತ್ತು ನೋಡಿ ತಿಂಗಳಿಗೊಮ್ಮೆ ಇವನ್ನು ಮಾಡಬೇಕು:

1. ಮೊದಲ ಲೈನಿನ ವೈರನ್ನು ರೂಟರ್‌ನಿಂದ ಕೀಳಿ. ಎಷ್ಟು ಸೆಕೆಂಡಿಗೆ ನೆಟ್ ಮರಳಿತು, ಬರೆದಿಡಿ.

2. ಆ ವೈರ್ ವಾಪಸ್ ಹಾಕಿ, ಈ ಸಲ ಬಾಕ್ಸಿಗೆ ಬರುವ ಹೊರಗಿನ ಫೈಬರ್ ಬಿಡಿಸಿ. ತುದಿಯನ್ನು ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಬೇಡಿ, ಫೈಬರನ್ನು ಮಡಚಬೇಡಿ. ಹಸಿರು ದೀಪದ ಮೋಸ ಹಿಡಿಯುವ ಪರೀಕ್ಷೆ ಇದೇ. ಮೊದಲನೆಯದರಲ್ಲಿ ಪಾಸಾಗಿ ಇದರಲ್ಲಿ ನಪಾಸಾದರೆ ಪಿಂಗ್ ತಪಾಸಣೆ ಸರಿಯಿಲ್ಲ ಎಂದರ್ಥ.

3. ಎರಡು ರೂಟರ್ ಇದ್ದರೆ ಮೊದಲನೆಯದನ್ನು ಬಂದ್ ಮಾಡಿ. ಮತ್ತೆ ಚಾಲೂ ಮಾಡಿದಾಗ ಕೆಲಸ ತುಂಡಾಗದೆ ಮರಳುತ್ತದೆಯೇ ನೋಡಿ.

4. ಮೇನ್ ಸ್ವಿಚ್ ತೆಗೆದು ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ನೋಡಿ.

ಇನ್ನೊಂದು ಸೂಕ್ಷ್ಮ. ಫೇಲ್‌ಓವರ್ ಚೆನ್ನಾಗಿ ಕೆಲಸ ಮಾಡಿದರೆ ಮೊದಲ ಲೈನ್ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ವಾರಗಟ್ಟಲೆ ಬದಲಿಯ ಮೇಲೇ ನಡೆದು, ಒಂದು ದಿನ ಅದೂ ಹೋದಾಗ ಎಲ್ಲರೂ ಬೆಚ್ಚುತ್ತಾರೆ. ಬದಲಿ ಸಿಮ್ ಆಗಿದ್ದರೆ ಅದರ ರೀಚಾರ್ಜ್ ಅವಧಿ ಮುಗಿದದ್ದೂ ಅವತ್ತೇ ತಿಳಿಯುತ್ತದೆ. ಅದಕ್ಕೆ ಲೈನ್ ಬದಲಾದ ಕೂಡಲೇ ಮಾಲೀಕರ ಮೊಬೈಲ್‌ಗೆ ಸಂದೇಶ ಬರುವಂತೆ ಕೂಡಿಸಬೇಕು. ರೂಟರ್ ಸೆಟ್ಟಿಂಗ್‌ನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಕಚೇರಿಯಲ್ಲೇ ಇರಲಿ. ಕೂಡಿಸಿದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡ್ ಹುಡುಕುವ ಪರಿಸ್ಥಿತಿ ಬೇಡ.

ಲೈನ್ ಹಾಕಲು ಬಂದವರನ್ನು ಇಷ್ಟು ಕೇಳ್ರಿ

• ಈ ಲೈನ್ ಯಾವ ದಾರಿಯಿಂದ ಬರ್ತದ? ಈಗಿರೋ ಲೈನಿನ ಕಂಬದ ಮ್ಯಾಲೇನಾ?

• ನಿಮಗ ಮ್ಯಾಲಿಂದ ನೆಟ್ ಕೊಡೋರು ಯಾರು?

• ಕರೆಂಟ್ ಹೋದಾಗ ಓಣಿಯೊಳಗಿನ ನಿಮ್ಮ ಪೆಟ್ಟಿಗೆ ಎಷ್ಟು ತಾಸು ನಡೀತದ?

• ರೂಟರ್ ಬರೀ ದೀಪ ನೋಡ್ತದೋ, ಹೊರಗಿನ ತನಕ ಪಿಂಗ್ ಮಾಡ್ತದೋ?

• ಈಗ ನನ್ನ ಮುಂದ ವೈರ್ ಕಿತ್ತು ತೋರಿಸ್ತೀರೇನು?

ಕೊನೆಯ ಪ್ರಶ್ನೆಗೆ 'ಹೂಂ' ಅಂದವರು ಕಿತ್ತು ತೋರಿಸಿ, ನೆಟ್ ಮರಳಿದ ಮೇಲೆಯೇ ಅವರ ಬಿಲ್ ಕೊಡಬೇಕು.